ಬಾಕಿ ಇಲ್ಲವೆಂಬ ಚೀಟಿ

ಮದುವೆಯ ಮುಹೂರ್ತವಿಲ್ಲದ ದಿನವೂ ಬಸ್ ನಿಲ್ದಾಣದ ಎದುರಿನ ಹೂವಿನ ಅಂಗಡಿಯಲ್ಲಿ ಹಾರಗಳ ರಾಶಿ ಕಂಡರೆ, ಊರಿನ ಕಾಲೇಜಿನಲ್ಲಿ ಬೀಳ್ಕೊಡುಗೆ ಸಮಾರಂಭ ಇದೆಯೆಂದು ತಿಳಿಯಬೇಕು. ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ಇದೂ ಒಂದು ಹಂಗಾಮು. ವರ್ಷಕ್ಕೊಂದೇ ಪರೀಕ್ಷೆ ಇದ್ದ ಕಾಲದಲ್ಲಿ ಜೋಳದ ರಾಶಿ ಮುಗಿಯುವ ಹೊತ್ತಿಗೆ ಇದು ಬರುತ್ತಿತ್ತು. ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಒಮ್ಮೆ ಬೇಸಿಗೆಗೆ, ಒಮ್ಮೆ ಮಳೆಗಾಲಕ್ಕೆ ಜಾರುತ್ತದೆ. ಆದರೆ ಬರುವುದು ತಪ್ಪಿಲ್ಲ.

ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಈ ಸೀಮೆಯ ನಡುವೆ ಹರಿಯುತ್ತದೆ. ಪ್ರವಾಸಿಗರು ಇಲ್ಲಿಗೆ ಬರುವುದು ಕಿತ್ತೂರಿನ ಕೋಟೆ, ಸೊಗಲದ ಜಲಪಾತ, ಎಲ್ಲಮ್ಮನ ಗುಡ್ಡ, ನವಿಲುತೀರ್ಥದ ಅಣೆಕಟ್ಟು, ಸುರೇಬಾನದ ಶಬರಿಕೊಳ್ಳಗಳನ್ನು ನೋಡಲು. ಬೀಳ್ಕೊಡುಗೆಯ ದಿನಗಳಲ್ಲಿ ಈ ದಾರಿಯಲ್ಲಿ ಬಂದವರಿಗೆ ಇನ್ನೊಂದು ನೋಟವೂ ಕಾಣುತ್ತದೆ. ಸಣ್ಣ ಊರಿನ ಸಣ್ಣ ಕಾಲೇಜು ತನ್ನ ಮಕ್ಕಳನ್ನು ಹೇಗೆ ಕಳಿಸುತ್ತದೆ, ಹೋದವರು ಹೇಗೆ ಮರಳಿ ಬರುತ್ತಾರೆ ಎಂಬ ನೋಟ ಅದು. ಕೋಟೆ ಕೊತ್ತಲಗಳಷ್ಟೇ ಅದಕ್ಕೂ ಒಂದು ಇತಿಹಾಸವಿದೆ.

ಕಿತ್ತೂರಿನಲ್ಲಿ ಕೊನೆಯ ಗ್ರೂಪ್ ಫೋಟೋ

ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಬದಿಗೇ ಕಿತ್ತೂರು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಸೈನಿಕರ ಗುಂಡಿಗೆ ಬಲಿಯಾದ. ಆ ವಿಜಯದ ನೆನಪಿಗೆ ಪ್ರತಿ ಅಕ್ಟೋಬರಿನಲ್ಲಿ ಉತ್ಸವ ನಡೆಯುತ್ತದೆ. ಉಳಿದ ದಿನಗಳಲ್ಲಿ ರಾಣಿ ಚನ್ನಮ್ಮನ ಅರಮನೆಯ ಮುರಿದ ಗೋಡೆಗಳ ನಡುವೆ ಗಾಳಿಯದೇ ಸದ್ದು. ಬೀಳ್ಕೊಡುಗೆಯ ದಿನಗಳಲ್ಲಿ ಮಾತ್ರ ಅಲ್ಲಿಗೆ ಇಳಕಲ್ ಸೀರೆಯುಟ್ಟ ಹುಡುಗಿಯರೂ, ಅಣ್ಣನದೋ ಕಾಕಾನದೋ ಕೋಟು ತೊಟ್ಟ ಹುಡುಗರೂ ಬರುತ್ತಾರೆ. ಮೂರು ವರ್ಷ ಒಂದೇ ಕೊಠಡಿಯಲ್ಲಿ ಕುಳಿತವರು ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಳ್ಳುವ ಕೊನೆಯ ಅವಕಾಶ ಅದು.

ಹೆಣ್ಣುಮಕ್ಕಳ ಓದಿನ ಮಟ್ಟಿಗೆ ಕಿತ್ತೂರಿಗೆ ಇನ್ನೊಂದು ಹೆಸರಿದೆ. ಸೈನಿಕ ಶಾಲೆಯ ಮಾದರಿಯಲ್ಲಿ ಬಾಲಕಿಯರಿಗಾಗಿ ವಸತಿ ಶಾಲೆಯೊಂದು 1969ರಲ್ಲಿ ರಾಣಿಯ ಹೆಸರಿನಲ್ಲಿಯೇ ಇಲ್ಲಿ ಆರಂಭವಾಯಿತು. ಹುಡುಗಿಯರು ಕುದುರೆ ಸವಾರಿ ಕಲಿಯುವುದು ಸೋಜಿಗವೆನಿಸುತ್ತಿದ್ದ ಕಾಲ ಅದು. ಬೇರೆ ಬೇರೆ ಜಿಲ್ಲೆಗಳಿಂದ ಬಂದ ಮಕ್ಕಳು ಅಲ್ಲಿ ಪಿಯುಸಿ ಮುಗಿಸಿ ಹೊರಡುತ್ತಾರೆ. ಊರಿನ ಪದವಿ ಕಾಲೇಜಿನ ಮಕ್ಕಳ ಬದುಕು ಬೇರೆ. ಅವರು ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವರು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಖರ್ಚು ಉಳಿಯಿತು. ಬಸ್ಸು ಬೇಗ ಹೋದೀತೆಂಬ ಚಿಂತೆ ಮಾತ್ರ ಉಳಿದೇ ಇದೆ. ಬೀಳ್ಕೊಡುಗೆ ಸಮಾರಂಭ ಎಷ್ಟೇ ಸೊಗಸಾಗಿ ನಡೆದರೂ ಸಂಜೆ ಐದರ ಹೊತ್ತಿಗೆ ಅರ್ಧ ಸಭಾಂಗಣ ಖಾಲಿಯಾಗುವುದು ಈ ಕಾರಣಕ್ಕೆ.

ಸಮಾರಂಭದ ಕ್ರಮ ನಾಲ್ಕೂ ಊರುಗಳಲ್ಲಿ ಹೆಚ್ಚುಕಡಿಮೆ ಒಂದೇ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ವರದಿ ವಾಚನ, ಬಹುಮಾನ, ಅತಿಥಿಗಳ ಮಾತು, ಅನಿಸಿಕೆ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಇದರಲ್ಲಿ ಜನ ಕಾಯುವುದು ಅನಿಸಿಕೆಗೆ. ಮೂರು ವರ್ಷ ಬಾಯಿ ಬಿಡದ ಹುಡುಗಿಯೊಬ್ಬಳು ಅಂದು ಮೈಕಿನ ಮುಂದೆ ನಿಲ್ಲುತ್ತಾಳೆ. ಚೀಟಿಯಲ್ಲಿ ಬರೆದುಕೊಂಡು ಬಂದದ್ದನ್ನು ಎರಡು ಸಾಲು ಓದುತ್ತಾಳೆ, ಮೂರನೆಯ ಸಾಲಿಗೆ ಅಳು ಬರುತ್ತದೆ. ಹಿಂದಿನ ಸಾಲಿನ ಹುಡುಗರು ಸಿಳ್ಳೆ ಹಾಕುವುದನ್ನು ನಿಲ್ಲಿಸುತ್ತಾರೆ.

ವಾರ್ಷಿಕ ಸ್ನೇಹ ಸಮ್ಮೇಳನಕ್ಕೆ ಈ ಕಡೆಯ ಜನ ಇಂದಿಗೂ ‘ಗ್ಯಾದರಿಂಗ್’ ಎನ್ನುತ್ತಾರೆ. ಒಂದು ಕಾಲಕ್ಕೆ ಅದರಲ್ಲಿ ‘ಫಿಶ್‌ಪಾಂಡ್’ ಎಂಬ ಆಟವೇ ಮುಖ್ಯ. ಯಾರು ಬರೆದರೆಂದು ತಿಳಿಯದ ಚೀಟಿಗಳನ್ನು ಡಬ್ಬಿಯಿಂದ ಎತ್ತಿ ಓದುವುದು, ಚೀಟಿ ಯಾರ ಮೇಲಿದೆಯೋ ಅವರು ಎದ್ದು ನಿಂತು ನಗುವುದು. ಪ್ರಾಚಾರ್ಯರ ಮೇಲೂ ಚೀಟಿ ಬರುತ್ತಿತ್ತು. ನಗುವ ಪ್ರಾಚಾರ್ಯರು ಹುಡುಗರ ನೆನಪಿನಲ್ಲಿ ಹೆಚ್ಚು ಕಾಲ ಉಳಿಯುತ್ತಿದ್ದರು. ಆಮೇಲೆ ಗ್ರೂಪ್ ಫೋಟೋ: ಮುಂದೆ ಕುರ್ಚಿಗಳಲ್ಲಿ ಗುರುಗಳು, ಹಿಂದೆ ಹುಡುಗಿಯರು, ಅವರ ಹಿಂದೆ ಬೆಂಚಿನ ಮೇಲೆ ಹುಡುಗರು. ಆಟೋಗ್ರಾಫ್ ಪುಸ್ತಕದ ಬಣ್ಣದ ಹಾಳೆಗಳ ಜಾಗವನ್ನು ಈಗ ಮೊಬೈಲ್ ಫೋನ್ ತೆಗೆದುಕೊಂಡಿದೆ. ಆದರೂ ಗ್ರೂಪ್ ಫೋಟೋ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕುವ ಮನೆಗಳು ಹಳ್ಳಿಗಳಲ್ಲಿ ಇನ್ನೂ ಇವೆ. ಮನೆತನದಲ್ಲಿ ಪದವಿಯವರೆಗೆ ಓದಿದ ಮೊದಲ ಮಗುವಿನ ಫೋಟೋ ಆಗಿದ್ದರಂತೂ ಅದು ದೇವರ ಪಟದ ಪಕ್ಕಕ್ಕೇ ಬರುತ್ತದೆ.

ಬೈಲಹೊಂಗಲದ ಪ್ರಶ್ನೆ: ಕಾಗದ ಯಾವಾಗ?

ಕಿತ್ತೂರಿನಿಂದ ಬೈಲಹೊಂಗಲದತ್ತ ಹೊರಟರೆ ಎರೆಮಣ್ಣಿನ ಹೊಲಗಳು ತೆರೆದುಕೊಳ್ಳುತ್ತವೆ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಊರು ಇದು. ಇಲ್ಲಿ ರಾಣಿ ಚನ್ನಮ್ಮನ ಸಮಾಧಿ ಇದೆ. ಬ್ರಿಟಿಷರು ಆಕೆಯನ್ನು ಸೆರೆಯಲ್ಲಿಟ್ಟದ್ದು ಈ ಊರಿನಲ್ಲಿ, ಆಕೆ ಕಣ್ಣು ಮುಚ್ಚಿದ್ದು 1829ರಲ್ಲಿ.

ಬೀಳ್ಕೊಡುಗೆ ಮುಗಿದ ಮೇಲೆ ಕಾಲೇಜಿನ ಕಚೇರಿಯ ಕಿಟಕಿಯ ಬಳಿ ಪಾಲಕರು ಬಂದು ನಿಲ್ಲುವುದು ಈ ಭಾಗದಲ್ಲೆಲ್ಲ ಸಾಮಾನ್ಯ ನೋಟ. ಕೇಳುವ ಮಾತೂ ಒಂದೇ: “ನಮ್ಮ ಹುಡಿಗೀದು ಡಿಗ್ರಿ ಮುಗೀತ್ರಿ ಸಾಹೇಬ್ರ. ಕಾಗದಾ ಯಾವಾಗ ಬರತೈತ್ರಿ?”

ಪ್ರಶ್ನೆ ಸರಳ, ಉತ್ತರ ಸರಳವಲ್ಲ. ಹೂವು, ಹಾರ, ಭಾಷಣ ಎಲ್ಲ ಆದರೂ ಅಂದು ಕಾಲೇಜು ಕೊಟ್ಟದ್ದು ಪದವಿಯಲ್ಲ. ನಮ್ಮ ದೇಶದಲ್ಲಿ ಪದವಿ ಕೊಡುವ ಅಧಿಕಾರ ಇರುವುದು ವಿಶ್ವವಿದ್ಯಾಲಯಕ್ಕೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 1956ರ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಸಂಯೋಜಿತ ಕಾಲೇಜು ಪಾಠ ಹೇಳಬಹುದು, ಪರೀಕ್ಷೆಗೆ ಕೂಡಿಸಬಹುದು, ಹರಸಿ ಕಳಿಸಬಹುದು. ಪದವಿ ಬರುವುದು ಬೇರೆ ಊರಿನಿಂದ.

ಆ ಬೇರೆ ಊರು ಕಾಲಕಾಲಕ್ಕೆ ಬದಲಾಗಿದೆ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಅದು 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ, ಬೆಳಗಾವಿಯ ಲಿಂಗರಾಜ ಕಾಲೇಜು 1933ರಲ್ಲಿ. ಆ ಕಾಲೇಜುಗಳು ತೆರೆಯುವ ಮುನ್ನ ಈ ಸೀಮೆಯ ಹುಡುಗ ಪದವೀಧರನಾಗಬೇಕಾದರೆ ಪುಣೆ, ಮುಂಬಯಿಗಳಂಥ ದೂರದ ಊರುಗಳಿಗೇ ಹೋಗಬೇಕಿತ್ತು. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಧಾರವಾಡಕ್ಕೆ ಬಂತು. ಇದೇ ಜಿಲ್ಲೆಯವರಾದ ಡಿ.ಸಿ. ಪಾವಟೆ ಅವರು 1954ರಿಂದ 1967ರವರೆಗೆ ಕುಲಪತಿಗಳಾಗಿ ಅದನ್ನು ಬೆಳೆಸಿದರು. 2010ರಲ್ಲಿ ಬೆಳಗಾವಿಯಲ್ಲಿಯೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾಯಿತು. ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ರಾಣಿಯ ಹೆಸರು ಇಂದು ಬೈಲಹೊಂಗಲದ ಮಕ್ಕಳ ಪದವಿ ಪತ್ರದ ನೆತ್ತಿಯ ಮೇಲಿದೆ. ಸುಮಾರು ಒಂದೂವರೆ ಶತಮಾನದಲ್ಲಿ ಪದವಿ ಇಷ್ಟಿಷ್ಟೇ ಹತ್ತಿರ ಬಂದಿದೆ.

ಹತ್ತಿರ ಬಂದರೂ ಘಟಿಕೋತ್ಸವಕ್ಕೆ ಹೋಗುವವರು ಕಡಿಮೆ. ವೇದಿಕೆ ಹತ್ತುವುದು ಮುಖ್ಯವಾಗಿ ಚಿನ್ನದ ಪದಕದವರು, ಪಿಎಚ್.ಡಿ.ಯವರು. ಉಳಿದ ಅನೇಕರಿಗೆ ಗೈರುಹಾಜರಿಯಲ್ಲಿಯೇ ಪದವಿ. ಹೀಗಾಗಿ ಊರಿನ ಕಾಲೇಜಿನ ಬೀಳ್ಕೊಡುಗೆಯೇ ಅವರ ಪಾಲಿನ ಘಟಿಕೋತ್ಸವ. ಇದನ್ನು ಮನಗಂಡು ಕೆಲವು ಕಾಲೇಜುಗಳು ‘ಪದವಿ ದಿನ’ವೆಂದು ಬೇರೆಯಾಗಿ ಆಚರಿಸಿ, ಮಕ್ಕಳಿಗೆ ಗೌನು ತೊಡಿಸಿ, ತಂದೆ ತಾಯಿಯರನ್ನು ಕರೆಸುವ ಪದ್ಧತಿ ಆರಂಭಿಸಿವೆ. ಬಾಡಿಗೆ ಗೌನು ಎಂದು ನಗುವವರಿದ್ದಾರೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕುಳಿತ ತಾಯಿಯನ್ನು ಕಂಡವರು ನಗುವುದಿಲ್ಲ.

ಆದರೆ ಆ ಸಂಭ್ರಮದಲ್ಲಿ ಕಾಗದದ ಮಾತು ಮರೆಯಬಾರದು. ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಮೊದಲು ಸಿಗುವುದು ಅಂಕಪಟ್ಟಿ ಮತ್ತು ತಾತ್ಕಾಲಿಕ ಪದವಿ ಪ್ರಮಾಣಪತ್ರ. ಶಾಶ್ವತ ಪದವಿ ಪತ್ರ ಬೇಕಾದರೆ ಘಟಿಕೋತ್ಸವದ ಅಧಿಸೂಚನೆ ಹೊರಟಾಗ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ವಿದ್ಯಾರ್ಥಿ ಅರ್ಹತೆ ಪಡೆದ 180 ದಿನಗಳೊಳಗೆ ಪದವಿ ನೀಡಬೇಕೆಂದು ಅನುದಾನ ಆಯೋಗದ 2008ರ ನಿಯಮ ಹೇಳುತ್ತದೆ. ಆದರೆ ಅರ್ಜಿಯನ್ನೇ ಹಾಕದವರ ಕೈಗೆ ಪತ್ರ ತಾನಾಗಿ ಬಂದು ಸೇರುವುದಿಲ್ಲ. ಪರೀಕ್ಷೆ ಮುಗಿದ ತಿಂಗಳಲ್ಲೇ ಮದುವೆಯಾಗಿ ಹೋದ ಹುಡುಗಿ, ಬೆಂಗಳೂರಿಗೋ ಪುಣೆಗೋ ದುಡಿಯಲು ಹೋದ ಹುಡುಗ ಇದನ್ನು ಮರೆಯುತ್ತಾರೆ. ಹತ್ತು ವರ್ಷದ ಮೇಲೆ ನೌಕರಿಯ ಸಂದರ್ಶನದ ಹಿಂದಿನ ದಿನ ಓಡಿಬಂದಾಗ ದಂಡ, ಪ್ರಮಾಣಪತ್ರ, ಓಡಾಟ. ಮಗಳ ಮದುವೆಗೆ ವರ್ಷವಿಡೀ ತಯಾರಿ ನಡೆಸುವ ತಂದೆ, ಅವಳ ಪದವಿ ಪತ್ರಕ್ಕೆ ಒಂದು ದಿನ ತೆಗೆದಿಟ್ಟರೆ ಅದೂ ಅವಳಿಗೆ ಕೊಟ್ಟ ಬಂಗಾರವೇ.

ಕಾಲೇಜು ಬಿಡುವಾಗ ಇನ್ನೊಂದು ಕಾಗದವೂ ಇದೆ. ಅದಕ್ಕೆ ‘ನೋ ಡ್ಯೂ’ ಎನ್ನುತ್ತಾರೆ. ಗ್ರಂಥಾಲಯದವರು, ಪ್ರಯೋಗಾಲಯದವರು, ಕ್ರೀಡಾ ವಿಭಾಗದವರು, ಕಚೇರಿಯವರು ಎಲ್ಲರೂ ಸಹಿ ಹಾಕಿ ಈ ವಿದ್ಯಾರ್ಥಿಯಿಂದ ಏನೂ ಬಾಕಿ ಇಲ್ಲ ಎಂದು ಬರೆದುಕೊಟ್ಟರೆ ಮಾತ್ರ ವರ್ಗಾವಣೆ ಪತ್ರ. ಪುಸ್ತಕ ಮರಳಿಸಿದೆಯಾ, ಒಡೆದ ಪಿಪೆಟ್ಟಿನ ಹಣ ಕಟ್ಟಿದೆಯಾ ಎಂಬ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಆದರೆ ಕಲಿತ ಮನೆಯ ಬಾಕಿ ಒಂದು ಚೀಟಿಗೆ ತೀರುವಂಥದೇ? ಈ ಪ್ರಶ್ನೆಗೆ ಉತ್ತರ ಕಾಣುವುದು ಮುಂದಿನ ಊರುಗಳಲ್ಲಿ.

ಸವದತ್ತಿಯ ದಾರಿಯಲ್ಲಿ ಗುರುವಂದನೆ

ಬೈಲಹೊಂಗಲದಿಂದ ಪೂರ್ವಕ್ಕೆ ಸವದತ್ತಿ. ಬನದ ಹುಣ್ಣಿಮೆಗೂ ಭರತ ಹುಣ್ಣಿಮೆಗೂ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಆ ಜಾತ್ರೆಗಳ ನಡುವೆ, ಹೆಚ್ಚಾಗಿ ಭಾನುವಾರಗಳಲ್ಲಿ, ಈ ಸೀಮೆಯ ಊರೂರಲ್ಲಿ ಇನ್ನೊಂದು ಸಣ್ಣ ಜಾತ್ರೆ ನಡೆಯುತ್ತದೆ. ಫಲಕದ ಮೇಲೆ ‘ಗುರುವಂದನೆ ಹಾಗೂ ಸ್ನೇಹ ಸಮ್ಮಿಲನ’ ಎಂದು ದೊಡ್ಡ ಅಕ್ಷರ. ಕೆಳಗೆ ಯಾವ ವರ್ಷದ ತಂಡ ಎಂಬ ವಿವರ.

ಇಪ್ಪತ್ತು, ಇಪ್ಪತ್ತೈದು, ಮೂವತ್ತು ವರ್ಷಗಳ ಹಿಂದೆ ಕೂಡಿ ಕಲಿತವರು ಮತ್ತೆ ಸೇರಿ ತಮಗೆ ಕಲಿಸಿದವರನ್ನು ಸನ್ಮಾನಿಸುವ ಈ ರೂಢಿ ಉತ್ತರ ಕರ್ನಾಟಕದ ಪ್ರೌಢಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಹಬ್ಬಿದೆ. ಇಂಗ್ಲಿಷ್ ನಾಡುಗಳ ಕಾಲೇಜುಗಳಲ್ಲಿ ಹಳೆಯ ವಿದ್ಯಾರ್ಥಿಗಳು ಸೇರುವುದು ಮುಖ್ಯವಾಗಿ ತಮ್ಮ ತಮ್ಮನ್ನು ಕಾಣಲು. ಇಲ್ಲಿ ಗುರುವಿಲ್ಲದೆ ಕೂಟವಿಲ್ಲ. ಎಂಬತ್ತು ದಾಟಿದ ಗುರುಗಳನ್ನು ಮನೆಯಿಂದ ಕಾರಿನಲ್ಲಿ ಕರೆತರುತ್ತಾರೆ. ಕೆಲವೆಡೆ ಎತ್ತಿನ ಬಂಡಿ ಸಿಂಗರಿಸಿ, ಡೊಳ್ಳು ಬಾರಿಸಿ ಮೆರವಣಿಗೆ. ವೇದಿಕೆಯ ಮೇಲೆ ಪಾದಪೂಜೆಯನ್ನೂ ಮಾಡುವುದುಂಟು. ಮುಜುಗರಪಟ್ಟು ಕಾಲು ಹಿಂದೆಳೆದುಕೊಳ್ಳುವ ಗುರುಗಳೂ ಉಂಟು.

ಅಂಥ ದಿನ ಕೇಳಿಬರುವ ಮಾತುಗಳಿಗೆ ಬೇರೆಯೇ ರುಚಿ.

“ಸರ, ನನ್ನ ಗುರ್ತ ಸಿಕ್ಕಿತೇನ್ರಿ?”

“ಹೆಸರ ನೆನಪಿಲ್ಲೋ ತಮ್ಮಾ. ಆದರ ಕಡೀ ಬೆಂಚಿನ್ಯಾಗ ಕಿಡಕಿ ಬಾಜೂಕ ಕೂಡತಿದ್ದಿ, ಹೌದಲ್ಲೋ?”

ತಲೆ ನೆರೆದ ‘ತಮ್ಮ’ ಆ ಮಾತಿಗೆ ಮತ್ತೆ ಹದಿನೆಂಟರ ಹುಡುಗನಾಗುತ್ತಾನೆ. ಆಮೇಲೆ ಹಳೆಯ ಹಾಜರಿ ಪುಸ್ತಕದ ಕ್ರಮದಲ್ಲಿಯೇ ಹೆಸರು ಕೂಗುವ ಪದ್ಧತಿ. ಡಾಕ್ಟರು, ಸುಬೇದಾರ, ಕಿರಾಣಿ ಅಂಗಡಿಯ ಸಾಹುಕಾರ, ಕಮತ ಮಾಡುವ ಗೌಡ ಎಲ್ಲರೂ ಎದ್ದು ನಿಂತು ‘ಹಾಜರ್ ಸರ್’ ಎನ್ನುತ್ತಾರೆ. ಕೆಲವು ಹೆಸರುಗಳಿಗೆ ಉತ್ತರ ಬರುವುದಿಲ್ಲ. ತೀರಿಹೋದ ಸಹಪಾಠಿಗಳಿಗಾಗಿ ಎರಡು ನಿಮಿಷ ಮೌನ. ಮಧ್ಯಾಹ್ನ ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ರೊಟ್ಟಿ, ಅನ್ನ ಸಾರಿನ ಊಟ. ಊಟವಾದ ಮೇಲೆ ಕೆಲವರು ನವಿಲುತೀರ್ಥಕ್ಕೆ ಹೊರಡುತ್ತಾರೆ. ಓದುವಾಗ ಸೈಕಲ್ ಮೇಲೆ ಹೋಗಿದ್ದ ಜಾಗಕ್ಕೆ ಈಗ ಕಾರಿನಲ್ಲಿ.

ಇಂಥ ಕೂಟ ಕೂಡಿಸುವವರಿಗೆ ಎದುರಾಗುವ ದೊಡ್ಡ ತೊಡಕು ಹಣದ್ದಲ್ಲ. ಸಹಪಾಠಿಣಿಯರನ್ನು ಹುಡುಕುವುದು. ಗಂಡಸರ ಹೆಸರು, ಅಡ್ಡಹೆಸರು, ಊರು ಬದಲಾಗಿರುವುದಿಲ್ಲ. ಒಬ್ಬನ ಮೊಬೈಲ್ ನಂಬರು ಸಿಕ್ಕರೆ ಇಪ್ಪತ್ತು ಜನ ಸಿಗುತ್ತಾರೆ. ಹೆಣ್ಣುಮಕ್ಕಳ ಊರು ಬದಲಾಗಿದೆ, ಅಡ್ಡಹೆಸರು ಬದಲಾಗಿದೆ, ಕೆಲವರ ಹೆಸರೇ ಬದಲಾಗಿದೆ. ಅವರನ್ನು ಹುಡುಕಲು ತವರುಮನೆಗೇ ಹೋಗಬೇಕು. ತಾಯಿ ಬದುಕಿದ್ದರೆ ಸುಳಿವು ಸಿಗುತ್ತದೆ. ಸಿಕ್ಕ ಮೇಲೂ ಬರಲು ಮನೆಯವರ ಒಪ್ಪಿಗೆ ಬೇಕು. ಹೀಗೆ ಬಂದವರ ಪೈಕಿ ಯಾರೋ ಒಬ್ಬರು, ತಾವು ಇದೇ ಕಾಲೇಜಿನ ಪದವೀಧರೆ ಎಂಬುದು ಮಕ್ಕಳಿಗೆ ಗೊತ್ತಾದದ್ದೇ ಇಂದು ಎಂದಾಗ ಸಭೆ ಸುಮ್ಮನಾಗುತ್ತದೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅವರ ಅಂಕಪಟ್ಟಿ ಇರಬಹುದು, ಪದವಿ ಪತ್ರ ಇದೆಯೋ ಇಲ್ಲವೋ.

ಗುರುವಂದನೆಯ ಬಗ್ಗೆ ಒಂದು ಆಕ್ಷೇಪವೂ ಇದೆ, ಅದರಲ್ಲಿ ಹುರುಳೂ ಇದೆ. ಶಾಲು, ಹಾರ, ನೆನಪಿನ ಕಾಣಿಕೆ, ಶಾಮಿಯಾನ, ಊಟ ಇವುಗಳ ಖರ್ಚಿನ ಪಕ್ಕದಲ್ಲಿ ಅದೇ ಕಾಲೇಜಿನ ಇಂದಿನ ಹುಡುಗನನ್ನು ನಿಲ್ಲಿಸಿ ನೋಡಬೇಕು. ಆತ ಮಸುಕು ಮಸೂರದ ಸೂಕ್ಷ್ಮದರ್ಶಕದ ಮುಂದೆ ಆರನೆಯವನಾಗಿ ಸರದಿ ಕಾಯುತ್ತಿರಬಹುದು. ಪರೀಕ್ಷಾ ಶುಲ್ಕದ ಕೊನೆಯ ದಿನ ಸಾಲಕ್ಕಾಗಿ ಅಲೆಯುತ್ತಿರಬಹುದು. ಹಳೆಯ ವಿದ್ಯಾರ್ಥಿಗಳ ಸಂಘ ಎಂಬುದು ಎಷ್ಟೋ ಕಡೆ ಕಡತದಲ್ಲಿ ಮಾತ್ರ ಇದೆ. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ನ್ಯಾಕ್ ಸಂಸ್ಥೆ ಕಾಲೇಜುಗಳ ಗುಣಮಟ್ಟ ಅಳೆಯುವಾಗ ಇಂಥ ಸಂಘ ನೋಂದಣಿಯಾಗಿದೆಯೇ, ಅದರಿಂದ ಕಾಲೇಜಿಗೆ ಬಂದ ನೆರವೇನು ಎಂದು ಕೇಳುತ್ತದೆ. ನ್ಯಾಕ್ ತಂಡ ಬರುವ ವರ್ಷ ಸಂಘಕ್ಕೆ ಜೀವ ಬರುವುದು, ತಂಡ ಹೋದ ಮೇಲೆ ಮಲಗುವುದು ಆಗಬಾರದು. ಬಾಕಿ ತೀರಿಸುವ ದಾರಿ ಬೇರೆ ಇದೆ. ಅದನ್ನು ಈ ಸೀಮೆಗೆ ತೋರಿಸಿಕೊಟ್ಟವರು ಸವದತ್ತಿಯ ಪಕ್ಕದಲ್ಲೇ ಇದ್ದರು.

ಶಿರಸಂಗಿಯ ಮರಣಪತ್ರ

ಸವದತ್ತಿಯಿಂದ ರಾಮದುರ್ಗದ ಕಡೆಗೆ ಹೊರಟವರು ಸ್ವಲ್ಪ ಬಳಸಿ ಶಿರಸಂಗಿಗೆ ಹೋಗಬೇಕು. ಹೆಚ್ಚಿನವರು ಹೋಗುವುದು ಕಾಳಿಕಾದೇವಿಯ ದರ್ಶನಕ್ಕೆ. ಅದೇ ಊರಿನಲ್ಲಿ ದೇಸಾಯರ ವಾಡೆಯೂ ಇದೆ. ಸವದತ್ತಿಯ ಕೋಟೆಯನ್ನು 18ನೆಯ ಶತಮಾನದಲ್ಲಿ ಕಟ್ಟಿಸಿದ್ದು ಈ ದೇಸಾಯಿ ಮನೆತನ. ಅದೇ ಮನೆತನಕ್ಕೆ ದತ್ತಕವಾಗಿ ಬಂದವರು ಲಿಂಗರಾಜ ದೇಸಾಯಿ (1861-1906).

1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ನಡೆದಾಗ ಅಧ್ಯಕ್ಷರಾಗಿದ್ದವರು ಇವರೇ. ಎರಡು ವರ್ಷಗಳ ತರುವಾಯ ತೀರಿಕೊಂಡಾಗ, ತಮ್ಮ ಸಂಸ್ಥಾನದ ಆಸ್ತಿಯನ್ನು ಬಡ ವಿದ್ಯಾರ್ಥಿಗಳ ಓದಿಗೆಂದು ಮರಣಪತ್ರದಲ್ಲಿ ಬರೆದಿಟ್ಟಿದ್ದರು. ದೇಸಗತಿ ಮನೆಗಳಲ್ಲಿ ಮಕ್ಕಳಿಲ್ಲದಿದ್ದರೆ ದತ್ತಕ ತೆಗೆದುಕೊಂಡು ಆಸ್ತಿ ಉಳಿಸಿಕೊಳ್ಳುವುದು ರೂಢಿ. ತಾವೇ ದತ್ತಕವಾಗಿ ಬಂದು ಒಡೆಯರಾದವರು, ಹೆಸರು ಗೊತ್ತಿಲ್ಲದ, ಮುಖ ಕಾಣದ, ಇನ್ನೂ ಹುಟ್ಟದ ಮಕ್ಕಳನ್ನು ವಾರಸುದಾರರನ್ನಾಗಿ ಮಾಡಿದರು. ಜನ ಅವರನ್ನು ‘ತ್ಯಾಗವೀರ’ ಎಂದು ಕರೆದರು. ಆ ನಿಧಿಯ ವಿದ್ಯಾರ್ಥಿವೇತನದಿಂದ ಓದಿ ಮುಂದೆ ಬಂದವರು ತಲೆಮಾರುಗಟ್ಟಲೆ. 1916ರಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆ 1933ರಲ್ಲಿ ಬೆಳಗಾವಿಯಲ್ಲಿ ತನ್ನ ಮೊದಲ ಕಾಲೇಜು ತೆರೆದಾಗ ಇಟ್ಟದ್ದು ಲಿಂಗರಾಜರ ಹೆಸರು.

ಆ ಕಾಲದ ರೀತಿಯಂತೆ ಅವರ ದಾನ ತಮ್ಮ ಸಮಾಜದ ಮಕ್ಕಳನ್ನು ಕಣ್ಣೆದುರು ಇಟ್ಟುಕೊಂಡಿತ್ತು. ಇಂದು ಅದೇ ದಾರಿಯಲ್ಲಿ ನಡೆಯುವವರು ವರ್ತುಲವನ್ನು ಹಿಗ್ಗಿಸಿಕೊಳ್ಳಬೇಕಾದದ್ದು ಸಹಜ. ಆದರೆ ಮೂಲದ ವಿಚಾರ ಹಳತಾಗಿಲ್ಲ. ಕಲಿಸಿದವರ ಋಣವನ್ನು ಕಲಿಸಿದವರಿಗೇ ಮರಳಿಸಿ ಮುಗಿಸಲಾಗುವುದಿಲ್ಲ, ಅದನ್ನು ಮುಂದೆ ಕಲಿಯುವವರಿಗೆ ದಾಟಿಸಬೇಕು. ಮಲಪ್ರಭೆಯ ನೀರು ಕಣಕುಂಬಿಗೆ ಮರಳಿ ಹೋಗುವುದಿಲ್ಲವಲ್ಲ, ಕೆಳಗಿನ ಹೊಲಗಳಿಗೆ ಹರಿಯುತ್ತದೆ.

ರಾಮದುರ್ಗದ ಉದ್ದ ಹೆಸರು

ರಾಮದುರ್ಗ 1948ರವರೆಗೆ ಭಾವೆ ಮನೆತನದ ಸಂಸ್ಥಾನ. ಆ ವರ್ಷ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ಕನ್ನಡ ನಾಡಿನ ಭಾಗವಾಯಿತು. ಇಲ್ಲಿಯ ಪದವಿ ಕಾಲೇಜಿನ ಫಲಕ ಓದುವಾಗ ಹೊಸಬರಿಗೆ ಉಸಿರು ಕಟ್ಟುತ್ತದೆ: ಸಿ.ಎಸ್. ಬೆಂಬಳಗಿ ಕಲಾ, ಶಾ. ಎಂ.ಆರ್. ಪಾಲರೇಶಾ ವಿಜ್ಞಾನ ಮತ್ತು ಜಿ.ಎಲ್. ರಾಠಿ ವಾಣಿಜ್ಯ ಮಹಾವಿದ್ಯಾಲಯ. ಬೈಲಹೊಂಗಲದ ಕಾಲೇಜಿನ ಫಲಕವೂ ಇದೇ ಬಗೆಯದು, ಕಲೆಗೊಂದು, ವಾಣಿಜ್ಯಕ್ಕೊಂದು, ವಿಜ್ಞಾನಕ್ಕೊಂದು ಹೆಸರು.

ಉತ್ತರ ಕರ್ನಾಟಕದ ಕಾಲೇಜುಗಳಲ್ಲಿ ಇಂಥ ಉದ್ದ ಹೆಸರುಗಳನ್ನು ಕಂಡು ಹೊರಗಿನವರು ನಗುವುದುಂಟು. ಈ ಕಡೆ ಕಾಲೇಜುಗಳು ಎದ್ದದ್ದು ಹೇಗೆಂದು ತಿಳಿದರೆ ನಗು ನಿಲ್ಲುತ್ತದೆ. ಊರಿನ ಹಿರಿಯರು ಕೂಡಿ ವಿದ್ಯಾಸಂಸ್ಥೆ ಕಟ್ಟಿ, ಹಣ ಕೂಡಿಸಲು ಮನೆ ಮನೆಗೆ ತಿರುಗಿದರು. ದೊಡ್ಡ ಮೊತ್ತ ಕೊಟ್ಟವರ ಅಥವಾ ಅವರ ಹಿರಿಯರ ಹೆಸರನ್ನು ಒಂದೊಂದು ವಿಭಾಗಕ್ಕೆ ಇಡುವುದು ವಾಡಿಕೆಯಾಯಿತು. ಒಬ್ಬರಿಗೇ ಇಡೀ ಕಾಲೇಜಿನ ಭಾರ ಹೊರಲಾಗದ ಊರುಗಳಲ್ಲಿ ಮೂವರು ಹೊತ್ತರು. ಫಲಕದ ಉದ್ದ ಎಂದರೆ ಹೆಗಲುಗಳ ಲೆಕ್ಕ. ಇನ್ನು ಚಿಲ್ಲರೆ ಕೊಟ್ಟವರ, ಒಂದು ಚೀಲ ಜೋಳ ಅಳೆದವರ ಹೆಸರು ಯಾವ ಫಲಕದಲ್ಲಿಯೂ ಇಲ್ಲ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿದಳು. ಪ್ರವಾಹ ಬಂದಾಗ ದವಸ, ದನಕರುಗಳ ಜೊತೆಗೆ ಟ್ರಂಕಿನಲ್ಲಿಟ್ಟ ಕಾಗದಪತ್ರಗಳೂ ಹೋಗುತ್ತವೆ ಎಂಬ ಪಾಠ ನದಿಯ ದಂಡೆಯ ಮನೆಗಳಿಗೆ ಹೊಸದಲ್ಲ. ಅಂಕಪಟ್ಟಿ, ಪದವಿ ಪತ್ರಗಳನ್ನು 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ ಇರಿಸಿಕೊಳ್ಳುವ ಅನುಕೂಲ ಈಗ ಇದೆ. ಕಾಲೇಜು ಬಿಡುವ ಮೊದಲೇ ಖಾತೆ ತೆರೆದು, ಹೆಸರಿನ ಅಕ್ಷರಗಳು ಆಧಾರ್‌ನಲ್ಲಿಯೂ ಅಂಕಪಟ್ಟಿಯಲ್ಲಿಯೂ ಒಂದೇ ಇವೆಯೇ ಎಂದು ನೋಡಿಕೊಂಡರೆ ಮುಂದಿನ ಅಲೆದಾಟ ತಪ್ಪುತ್ತದೆ.

ಈ ಕೆಲಸ ಮಕ್ಕಳಿಗೆ ಹೇಳಿಕೊಡಲು ಯಾರು ಬರಬೇಕು? ಗುರುವಂದನೆಗೆಂದು ದೂರದಿಂದ ಬರುವ ಹಳೆಯ ವಿದ್ಯಾರ್ಥಿಯೇ ಬರಬಹುದು. ಅವನಿಗೆ ಕೋಟಿ ಕೊಡುವ ಶಕ್ತಿ ಇರಬೇಕಿಲ್ಲ. ಮೂವತ್ತು ಜನರ ತಂಡ ಒಂದು ಹೊತ್ತಿನ ಶಾಮಿಯಾನ ಚಿಕ್ಕದು ಮಾಡಿದರೆ ಪ್ರಯೋಗಾಲಯಕ್ಕೆ ಒಂದು ಒಳ್ಳೆಯ ಸೂಕ್ಷ್ಮದರ್ಶಕ ಬರುತ್ತದೆ. ಶಾಲಿನ ಬದಲು ಗುರುಗಳ ಹೆಸರಿನಲ್ಲಿ ಇಬ್ಬರು ಬಡ ಮಕ್ಕಳ ಪರೀಕ್ಷಾ ಶುಲ್ಕ ಕಟ್ಟಿದರೆ ಆ ಗುರುಗಳಿಗೆ ಹೆಚ್ಚು ಬೆಚ್ಚಗಾದೀತು. ಬ್ಯಾಂಕಿನಲ್ಲಿರುವವರು ಬ್ಯಾಂಕಿನ ಪರೀಕ್ಷೆಯ ಬಗ್ಗೆ, ಸೈನ್ಯದಲ್ಲಿದ್ದವರು ಸೈನ್ಯದ ಭರ್ತಿಯ ಬಗ್ಗೆ, ತಾನು ಎಲ್ಲಿ ಎಡವಿದೆ ಎಂಬುದನ್ನೂ ಬಿಡದೆ ಒಂದು ಗಂಟೆ ಹೇಳಿದರೆ, ಕೊನೆಯ ಬೆಂಚಿನ ಹುಡುಗ ಕಿವಿಗೊಟ್ಟು ಕೇಳುತ್ತಾನೆ. ತನ್ನೂರಿನ ಬಸ್ಸಿನಲ್ಲೇ ಓಡಾಡಿ ಓದಿದವರ ಮಾತು ಅವನಿಗೆ ದೊಡ್ಡ ನಗರದ ತರಬೇತಿಗಿಂತ ಬೇಗ ತಲಪುತ್ತದೆ. ಮೂವತ್ತು ವರ್ಷದ ಮೇಲೆ ಸಿಕ್ಕ ಸಹಪಾಠಿಣಿಯೊಬ್ಬಳು ಮೈಕಿನ ಮುಂದೆ ನಿಂತು, ಪದವಿ ಪತ್ರ ತರಿಸಿಕೊಳ್ಳದೆ ತಾನು ಕಳೆದುಕೊಂಡದ್ದೇನು ಎಂದು ಹುಡುಗಿಯರಿಗೆ ಹೇಳಿದರೆ ಅದಕ್ಕಿಂತ ದೊಡ್ಡ ಕಾಣಿಕೆ ಬೇಕಿಲ್ಲ.

ರಾಮದುರ್ಗದ ಬಸ್ ನಿಲ್ದಾಣದಲ್ಲಿ ಬೀಳ್ಕೊಡುಗೆಯ ದಿನ ಸಂಜೆ ಹಳ್ಳಿಯ ಬಸ್ಸುಗಳು ಒಂದೊಂದಾಗಿ ಹೊರಡುತ್ತವೆ. ಮುಡಿದ ಹೂವು ಬಾಡಿದೆ, ಕೋಟು ಮಡಚಿ ತೋಳಿನ ಮೇಲೆ ಬಂದಿದೆ. ಕೈಯಲ್ಲಿ ಫೋಟೋದ ಲಕೋಟೆ, ಚೀಲದಲ್ಲಿ ನಾಲ್ಕೈದು ಸಹಿಗಳ ಚೀಟಿ. ಪುಸ್ತಕ ಬಾಕಿ ಇಲ್ಲ, ಗಾಜಿನ ಸಾಮಾನು ಬಾಕಿ ಇಲ್ಲ, ಶುಲ್ಕ ಬಾಕಿ ಇಲ್ಲ. ಕಿಟಕಿಯಿಂದ ಕೈಬೀಸುವ ಮಕ್ಕಳಿಗೆ ಗುರುಗಳು ಹೇಳುವುದು ಎರಡೇ ಮಾತು: “ಹೋಗಿ ಬರ್ರಿ.” ಈ ಸೀಮೆಯಲ್ಲಿ ಹೊರಟವರಿಗೆ ‘ಹೋಗು’ ಎಂದಷ್ಟೇ ಹೇಳಿ ಕಳಿಸುವ ರೂಢಿಯಿಲ್ಲ.